ಸೇನೆಯ ಆರೋಗ್ಯದ ಅಂಕಿ-ಅಂಶ: ಓದುವ ಬಗೆ

2021ರ ಆಗಸ್ಟ್ ತಿಂಗಳು. ಕೊರೊನಾದ ಎರಡನೇ ಅಲೆ ಇಳಿದಿತ್ತು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದುದನ್ನು ಮಾಗಡಿ ರಸ್ತೆಯ ಆಸುಪಾಸಿನವರಾದ ನಾವು ಯಾರೂ ಮರೆತಿರಲಿಲ್ಲ. ಆ ದಿನಗಳಲ್ಲಿ ನನ್ನ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಕೆಂಗೇರಿಯಲ್ಲಿದ್ದ ಅವನ ಅಜ್ಜಿ ಮೇ ತಿಂಗಳಲ್ಲಿ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದರು. ಎರಡನೆಯದರ ದಿನ ಹತ್ತಿರ ಬಂದಿತ್ತು. ಮನೆಯಲ್ಲಿ ಚರ್ಚೆ ಶುರುವಾಗಿತ್ತು.

"ಮೇಡಂ, ಸೇನೆಯಲ್ಲಿ ನಡೆದ ಅಧ್ಯಯನದ ಪ್ರಕಾರ ಲಸಿಕೆಯಿಂದ ಶೇ. 93 ರಕ್ಷಣೆ ಅಂತ ಪೇಪರಿನಲ್ಲಿ ಬಂದಿದೆ. ಅದರ ಮೂಲ ಅಂಕಿಗಳನ್ನು ಹುಡುಕಿ ನಾನೇ ಲೆಕ್ಕ ಹಾಕಿದೆ. ನನಗೆ ಶೇ. 55 ಮಾತ್ರ ಬರುತ್ತಿದೆ. ಇನ್ನೂ ವಿಚಿತ್ರ ಎಂದರೆ, ಎರಡು ಡೋಸ್‌ಗಿಂತ ಒಂದೇ ಡೋಸ್ ಒಳ್ಳೆಯದು ಅಂತ ಬರುತ್ತಿದೆ. ನನ್ನ ಲೆಕ್ಕ ತಪ್ಪಾಗಿದ್ದರೆ ಹೇಳಿ. ತಪ್ಪಿಲ್ಲದಿದ್ದರೆ ಅಜ್ಜಿಗೆ ಏನು ಹೇಳಲಿ?"

ಅವನ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಅಧ್ಯಯನದವರ ಲೆಕ್ಕದಲ್ಲೂ ತಪ್ಪಿರಲಿಲ್ಲ. ಎರಡೂ ಹೇಗೆ ಸಾಧ್ಯ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ವೈದ್ಯಕೀಯ ಜ್ಞಾನ ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಜಿ.ಎಂ. ಕೌಂಟರ್ ಬಳಸಿದ ಅನುಭವವಿದ್ದರೆ ಸಾಕು.

ಅಧ್ಯಯನ ಯಾವುದು?

ನಮ್ಮ ದೇಶದಲ್ಲಿ ಕೊರೊನಾ ಲಸಿಕೆ ನೀಡಿಕೆ 2021ರ ಜನವರಿ 16ರಂದು ಆರಂಭವಾಯಿತು. ಆರೋಗ್ಯ ಕಾರ್ಯಕರ್ತರು ಮತ್ತು ಮುಂಚೂಣಿ ಕಾರ್ಯಕರ್ತರಿಗೆ ಮೊದಲ ಆದ್ಯತೆ ಇತ್ತು. ಸಶಸ್ತ್ರ ಪಡೆಗಳ ಸಿಬ್ಬಂದಿ ಈ ವರ್ಗಕ್ಕೆ ಸೇರಿದ್ದರು. ಪಡೆಗಳ ವೈದ್ಯಕೀಯ ವಿಭಾಗವು ಅವರಲ್ಲಿ 15,95,630 ಮಂದಿಯನ್ನು ಮೇ 30ರವರೆಗೆ, ಅಂದರೆ 135 ದಿನಗಳ ಕಾಲ, ಗಮನಿಸಿತು. ಈ ಅಧ್ಯಯನಕ್ಕೆ 'ವಿನ್-ವಿನ್' ಎಂದು ಹೆಸರು. ಅದರ ಮಧ್ಯಂತರ ಫಲಿತಾಂಶಗಳು 2021ರಲ್ಲಿ 'ಮೆಡಿಕಲ್ ಜರ್ನಲ್ ಆರ್ಮ್ಡ್ ಫೋರ್ಸಸ್ ಇಂಡಿಯಾ' ಪತ್ರಿಕೆಯಲ್ಲಿ ಪ್ರಕಟವಾದವು. ಅಧ್ಯಯನ ಮುಗಿಯುವ ಹೊತ್ತಿಗೆ ಶೇ. 95.4 ಮಂದಿ ಕನಿಷ್ಠ ಒಂದು ಡೋಸ್, ಶೇ. 82.2 ಮಂದಿ ಎರಡೂ ಡೋಸ್ ಪಡೆದಿದ್ದರು. ಸೋಂಕಿನಿಂದ ರಕ್ಷಣೆ ಶೇ. 91.8ರಿಂದ 94.9 ಎಂದು ಅಧ್ಯಯನ ತೀರ್ಮಾನಿಸಿತು. ಪತ್ರಿಕೆಗಳು ಬರೆದ 93 ಇದರ ನಡುವಿನ ಸಂಖ್ಯೆ.

ಇಂಥ ಅಂಕಿಗಳಿಗೆ ಏಕೆ ಇಷ್ಟು ಬೆಲೆ? ಯಾವುದೇ ದರಕ್ಕೆ ಅಂಶವೂ ಬೇಕು, ಛೇದವೂ ಬೇಕು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಇಷ್ಟು ಜನರಿಗೆ ಸೋಂಕು ಬಂತು ಎಂದು ಪಾಲಿಕೆ ಹೇಳಬಲ್ಲದು. ಆದರೆ ಎಷ್ಟು ಜನರ ಪೈಕಿ? 2011ರ ನಂತರ, 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಬಾಡಿಗೆ ಮನೆಗಳಲ್ಲಿದ್ದ ಅನೇಕರು ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿದ್ದರು. ಸೇನೆಯಲ್ಲಿ ಹಾಗಲ್ಲ. ಪ್ರತಿಯೊಬ್ಬನ ಹೆಸರು ಪಟ್ಟಿಯಲ್ಲಿರುತ್ತದೆ. ಯಾವ ದಿನ ಲಸಿಕೆ ಪಡೆದ, ಯಾವ ದಿನ ಕಾಯಿಲೆ ಬಿದ್ದ ಎಂಬುದಕ್ಕೆ ದಾಖಲೆಯಿರುತ್ತದೆ. ಛೇದ ಇಷ್ಟು ಸ್ಪಷ್ಟವಾಗಿ ಸಿಗುವ ದೊಡ್ಡ ಗುಂಪುಗಳು ಸಮಾಜದಲ್ಲಿ ವಿರಳ.

ಇದು ಹೊಸ ಸಂಗತಿಯೂ ಅಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ನೈರ್ಮಲ್ಯವನ್ನು ಪರಿಶೀಲಿಸಿದ ರಾಯಲ್ ಆಯೋಗ 1863ರಲ್ಲಿ ವರದಿ ಕೊಟ್ಟಿತು. ವರ್ಷಕ್ಕೆ ಸಾವಿರ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದರು ಎಂಬ ಅಂಕಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ದಂಡಿನ ಪ್ರದೇಶಗಳಲ್ಲಿ ಕುಡಿಯುವ ನೀರು, ಚರಂಡಿ, ಬ್ಯಾರಕ್‌ಗಳು ಸುಧಾರಿಸಲಿ ಎಂದು ಫ್ಲಾರೆನ್ಸ್ ನೈಟಿಂಗೇಲ್ ಪಟ್ಟುಹಿಡಿದರು. 1873ರಲ್ಲಿ ಅವರು ಈ ದರ 18ಕ್ಕೆ ಇಳಿದಿದೆ ಎಂದು ವರದಿ ಮಾಡಿದರು. ದಂಡಿನ ಅಂಕಿಗಳೇ ದಂಡನ್ನು ಬದಲಿಸಿದವು.

ವಿದ್ಯಾರ್ಥಿಯ ಲೆಕ್ಕ

ಈಗ ಮೂಲ ಅಂಕಿಗಳನ್ನು ನೋಡೋಣ. ಈ ಬಗೆಯ ಅಧ್ಯಯನದಲ್ಲಿ ಛೇದವಾಗಿ ಜನರ ಸಂಖ್ಯೆಯನ್ನು ನೇರವಾಗಿ ಬಳಸುವಂತಿಲ್ಲ. ಒಬ್ಬನೇ ಸೈನಿಕ ಜನವರಿಯಲ್ಲಿ ಲಸಿಕೆ ಪಡೆಯದವನು, ಫೆಬ್ರವರಿಯಲ್ಲಿ ಒಂದು ಡೋಸ್ ಪಡೆದವನು, ಏಪ್ರಿಲ್‌ನಲ್ಲಿ ಎರಡೂ ಪಡೆದವನು. ಆದ್ದರಿಂದ ಅವನು ಪ್ರತಿ ಗುಂಪಿನಲ್ಲಿ ಎಷ್ಟು ದಿನ ಇದ್ದನೋ ಅಷ್ಟನ್ನು ಆ ಗುಂಪಿನ ಖಾತೆಗೆ ಸೇರಿಸುತ್ತಾರೆ. ಇದೇ 'ವ್ಯಕ್ತಿ-ದಿನ'. ನೂರು ಜನ ಹತ್ತು ದಿನ ಇದ್ದರೆ ಸಾವಿರ ವ್ಯಕ್ತಿ-ದಿನ.

ಲಸಿಕೆ ಪಡೆಯದ ಸ್ಥಿತಿ: 10.66 ಕೋಟಿ ವ್ಯಕ್ತಿ-ದಿನ, 10,061 ಸೋಂಕು, 37 ಸಾವು.
ಒಂದು ಡೋಸ್ ಪಡೆದ ಸ್ಥಿತಿ: 4.67 ಕೋಟಿ ವ್ಯಕ್ತಿ-ದಿನ, 1,159 ಸೋಂಕು, 16 ಸಾವು.
ಎರಡೂ ಡೋಸ್ ಪಡೆದ ಸ್ಥಿತಿ: 5.87 ಕೋಟಿ ವ್ಯಕ್ತಿ-ದಿನ, 2,512 ಸೋಂಕು, 7 ಸಾವು.

ಮೊದಲು ಒಂದು ಸಣ್ಣ ತಾಳೆ. ಮೂರೂ ಸೇರಿದರೆ 21.2 ಕೋಟಿ ವ್ಯಕ್ತಿ-ದಿನ. 15,95,630ನ್ನು 135ರಿಂದ ಗುಣಿಸಿದರೆ ಸುಮಾರು 21.5 ಕೋಟಿ. ಹೊಂದುತ್ತದೆ. ಯಾವುದೇ ಅಂಕಿಪಟ್ಟಿಯನ್ನು ಬಳಸುವ ಮುನ್ನ ಹೀಗೆ ಕೂಡಿ ನೋಡುವ ಅಭ್ಯಾಸ ಒಳ್ಳೆಯದು.

ಈಗ ಭಾಗಾಕಾರ. ಪ್ರತಿ ಹತ್ತು ಲಕ್ಷ ವ್ಯಕ್ತಿ-ದಿನಕ್ಕೆ ಸೋಂಕಿನ ದರ ಲಸಿಕೆ ಪಡೆಯದ ಸ್ಥಿತಿಯಲ್ಲಿ 94.4, ಒಂದು ಡೋಸ್‌ನಲ್ಲಿ 24.8, ಎರಡು ಡೋಸ್‌ನಲ್ಲಿ 42.8. ಲಸಿಕೆ ಪಡೆಯದವರ ದರಕ್ಕೆ ಹೋಲಿಸಿದರೆ ಎರಡು ಡೋಸ್‌ನಿಂದ ದರ ಶೇ. 55ರಷ್ಟು ಇಳಿದಿದೆ, ಒಂದು ಡೋಸ್‌ನಿಂದ ಶೇ. 74ರಷ್ಟು. ವಿದ್ಯಾರ್ಥಿಯನ್ನು ಕಾಡಿದ ಒಗಟು ಇದೇ.

ಇದು ಆಕಸ್ಮಿಕ ಏರುಪೇರು ಇರಬಹುದೇ? ಎಣಿಕೆಯ ಪ್ರಯೋಗಗಳಲ್ಲಿ ನಾವು ಬಳಸುವ ನಿಯಮ ನೆನಪಿಸಿಕೊಳ್ಳಿ. ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಅನಿಶ್ಚಿತತೆ ಇರುತ್ತದೆ. 2,512ರ ವರ್ಗಮೂಲ 50, 1,159ರದು 34. ಅಂದರೆ ದೋಷ ಶೇ. 2 ಅಥವಾ 3 ಮಾತ್ರ. 24.8 ಮತ್ತು 42.8ರ ನಡುವಿನ ಅಂತರವನ್ನು ಅದು ವಿವರಿಸಲಾರದು. ಹಾಗಾದರೆ ಇದು ಯಾದೃಚ್ಛಿಕ ದೋಷವಲ್ಲ, ವ್ಯವಸ್ಥಿತ ದೋಷ. ಹದಿನಾರು ಲಕ್ಷದ ಬದಲು ಒಂದು ಕೋಟಿ ಸೈನಿಕರನ್ನು ಗಮನಿಸಿದ್ದರೂ ಅದು ಹೋಗುತ್ತಿರಲಿಲ್ಲ. ದೊಡ್ಡ ಸಂಖ್ಯೆ ಎಂದ ಮಾತ್ರಕ್ಕೆ ಸರಿಯಾದ ಉತ್ತರ ಬರುತ್ತದೆಂದು ಭಾವಿಸುವವರು ಇಲ್ಲಿ ಎಡವುತ್ತಾರೆ.

ಸೀಸದ ಹಲಗೆಯ ಪಾಠ

ಒಂದು ಸೀಸದ ಹಲಗೆ ಎಷ್ಟು ವಿಕಿರಣವನ್ನು ತಡೆಯುತ್ತದೆ ಎಂದು ಅಳೆಯಬೇಕು. ಸೋಮವಾರ ದುರ್ಬಲ ಆಕರವನ್ನಿಟ್ಟು ಹಲಗೆಯಿಲ್ಲದೆ ಎಣಿಸಿದಿರಿ. ಮಂಗಳವಾರ ಯಾರೋ ಆಕರವನ್ನು ಬದಲಿಸಿ ಪ್ರಬಲವಾದದ್ದನ್ನು ಇಟ್ಟರು. ನೀವು ಹಲಗೆಯಿಟ್ಟು ಎಣಿಸಿದಿರಿ. ಎರಡೂ ದಿನದ ಎಣಿಕೆಯನ್ನು ಸಮಯದಿಂದ ಭಾಗಿಸಿ ಹೋಲಿಸಿದರೆ ಹಲಗೆ ನಿಷ್ಪ್ರಯೋಜಕ ಎಂದು ತೋರಬಹುದು. ದೋಷ ಹಲಗೆಯದಲ್ಲ. ಆಕರದ ತೀವ್ರತೆ ಬದಲಾದಾಗ ಸಮಯವೊಂದೇ ಛೇದವಾಗಲಾರದು. ತೀವ್ರತೆ ಮತ್ತು ಸಮಯಗಳ ಗುಣಲಬ್ಧವೇ ನಿಜವಾದ ಛೇದ.

2021ರ ಮೊದಲ ಐದು ತಿಂಗಳಲ್ಲಿ ಆದದ್ದು ಇದೇ. ಫೆಬ್ರವರಿಯಲ್ಲಿ ದೇಶದಲ್ಲಿ ದಿನಕ್ಕೆ ಹನ್ನೆರಡು ಸಾವಿರದ ಆಸುಪಾಸು ಹೊಸ ಪ್ರಕರಣಗಳು. ಮೇ ಮೊದಲ ವಾರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ಕರ್ನಾಟಕವೊಂದರಲ್ಲೇ ಮೇ 5ರಂದು ಐವತ್ತು ಸಾವಿರ ದಾಟಿತು. ಸೈನಿಕರ 'ಲಸಿಕೆ ಪಡೆಯದ' ದಿನಗಳಲ್ಲಿ ಹೆಚ್ಚಿನವು ಜನವರಿ-ಫೆಬ್ರವರಿಯ ಶಾಂತ ಕಾಲದವು. 'ಒಂದು ಡೋಸ್' ದಿನಗಳಲ್ಲಿ ಬಹಳಷ್ಟು ಅಲೆ ಏಳುವ ಮುಂಚಿನವು. 'ಎರಡು ಡೋಸ್' ದಿನಗಳು ಮುಖ್ಯವಾಗಿ ಏಪ್ರಿಲ್-ಮೇ ತಿಂಗಳಿನವು. ಸೀಸದ ಹಲಗೆಯನ್ನು ಇಟ್ಟದ್ದೇ ಆಕರ ಪ್ರಬಲವಾದ ಮೇಲೆ!

ಒಂದು ಕಲ್ಪಿತ ದಂಡಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಂಡಿನಲ್ಲಿ 10,000 ಸೈನಿಕರಿದ್ದಾರೆ. ಲಸಿಕೆಯ ನಿಜವಾದ ರಕ್ಷಣೆ ಶೇ. 90 ಎಂದು ನಾವೇ ನಿಗದಿ ಮಾಡೋಣ. ಅವಧಿಗಳು ಎರಡು, ಉದ್ದ ಸಮಾನ.

ಶಾಂತ ಅವಧಿ: ಲಸಿಕೆ ಪಡೆಯದವರು 9,000, ಪಡೆದವರು 1,000. ಲಸಿಕೆಯಿಲ್ಲದವರಲ್ಲಿ ಶೇ. 1 ಮಂದಿಗೆ ಸೋಂಕು, ಅಂದರೆ 90. ಲಸಿಕೆ ಪಡೆದವರಲ್ಲಿ ಶೇ. 0.1, ಅಂದರೆ 1.

ಅಲೆಯ ಅವಧಿ: ಲಸಿಕೆ ಪಡೆಯದವರು 1,000, ಪಡೆದವರು 9,000. ಲಸಿಕೆಯಿಲ್ಲದವರಲ್ಲಿ ಶೇ. 20 ಮಂದಿಗೆ ಸೋಂಕು, ಅಂದರೆ 200. ಲಸಿಕೆ ಪಡೆದವರಲ್ಲಿ ಶೇ. 2, ಅಂದರೆ 180.

ಎರಡೂ ಅವಧಿಗಳನ್ನು ಕೂಡಿದಾಗ ಛೇದಗಳು ಎರಡೂ ಕಡೆ 10,000. ಸೋಂಕುಗಳು 290 ಮತ್ತು 181. ಭಾಗಿಸಿದರೆ ರಕ್ಷಣೆ ಶೇ. 38 ಮಾತ್ರ! ಪ್ರತಿ ಅವಧಿಯಲ್ಲೂ ಕರಾರುವಾಕ್ಕಾಗಿ ಶೇ. 90 ಇದ್ದದ್ದು ಕೂಡಿದೊಡನೆ ಶೇ. 38 ಆಯಿತು. ಸರಿಯಾದ ಪ್ರಶ್ನೆ ಬೇರೆಯೇ ಇದೆ. ಲಸಿಕೆ ಪಡೆದ ಈ ಜನರೇ, ಇದೇ ದಿನಗಳಲ್ಲಿ, ಲಸಿಕೆಯಿಲ್ಲದೆ ಇದ್ದಿದ್ದರೆ ಎಷ್ಟು ಸೋಂಕು ಬರುತ್ತಿತ್ತು? ಶಾಂತ ಅವಧಿಯಲ್ಲಿ 10, ಅಲೆಯಲ್ಲಿ 1,800, ಒಟ್ಟು 1,810. ಬಂದದ್ದು 181. ಶೇ. 90 ಮರಳಿ ಸಿಕ್ಕಿತು.

ವಿನ್-ವಿನ್ ಅಧ್ಯಯನ ಹೇಳಿದ 91.8ರಿಂದ 94.9 ಎಂಬುದು ಸೋಂಕಿನ ಏರಿಳಿತಕ್ಕೆ ಇಂಥ ತಿದ್ದುಪಡಿ ಮಾಡಿದ ನಂತರದ ಅಂಕಿ. ಆ ತಿದ್ದುಪಡಿ ಎಷ್ಟು ದೊಡ್ಡದು? ಕಚ್ಚಾ ಅನುಪಾತ 42.8 ಭಾಗ 94.4, ಅಂದರೆ 0.45. ರಕ್ಷಣೆ ಶೇ. 93 ಆದರೆ ನಿಜವಾದ ಅನುಪಾತ 0.07. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆರೂವರೆ. ಅಂದರೆ ಎರಡು ಡೋಸ್‌ನ ದಿನಗಳಲ್ಲಿ ಸೋಂಕಿನ ಒತ್ತಡ, ಲಸಿಕೆಯಿಲ್ಲದ ದಿನಗಳಿಗಿಂತ ಸರಾಸರಿ ಆರೂವರೆ ಪಟ್ಟು ಇದ್ದಿರಬೇಕು. ದೇಶದ ದೈನಿಕ ಪ್ರಕರಣಗಳು ಮೂವತ್ತು ಪಟ್ಟಿಗೂ ಮಿಗಿಲಾಗಿ ಏರಿದ್ದ ಕಾಲದಲ್ಲಿ ಇದು ಅಸಂಭವವೇನಲ್ಲ. ಹೀಗೆ ಅಂದಾಜಿನಿಂದ ತಾಳೆ ನೋಡಿದಾಗ 'ಸರ್ಕಾರದ ಅಂಕಿ' ಎಂಬ ಕುರುಡು ನಂಬಿಕೆಯೂ ಬೇಕಾಗುವುದಿಲ್ಲ, ಕುರುಡು ಅನುಮಾನವೂ ಬೇಕಾಗುವುದಿಲ್ಲ.

ಲಸಿಕೆ ಪಡೆದವರಿಗೇ ಹೆಚ್ಚು ಸೋಂಕು?

ಆ ದಿನಗಳಲ್ಲಿ ಹರಿದಾಡಿದ ಇನ್ನೊಂದು ವಾದ ಇದು: ಎರಡೂ ಡೋಸ್ ಪಡೆದ ಎರಡೂವರೆ ಸಾವಿರ ಸೈನಿಕರಿಗೆ ಸೋಂಕು ಬಂದಿದೆ, ಹಾಗಾದರೆ ಲಸಿಕೆ ಏತಕ್ಕೆ? ಇದಕ್ಕೂ ಉತ್ತರ ಛೇದದಲ್ಲಿದೆ. ಮೇ ಕೊನೆಯಲ್ಲಿ ನೂರರಲ್ಲಿ 82 ಮಂದಿ ಎರಡು ಡೋಸ್ ಪಡೆದಿದ್ದರು, ಸುಮಾರು 5 ಮಂದಿ ಏನೂ ಪಡೆದಿರಲಿಲ್ಲ. ಒಂದು ದಿನ ಲಸಿಕೆಯಿಲ್ಲದವರಿಗೆ ಸೋಂಕಿನ ಸಂಭವ ಒಂದು ಮಾನ ಎನ್ನೋಣ. ಲಸಿಕೆ ಪಡೆದವರಿಗೆ 0.07 ಮಾನ. ಆಗ ಲಸಿಕೆ ಪಡೆದವರಿಂದ 82 ಗುಣಿಸು 0.07, ಅಂದರೆ 5.7 ಪಾಲು ಸೋಂಕು ಬರುತ್ತದೆ. ಪಡೆಯದವರಿಂದ 5 ಪಾಲು. ಲಸಿಕೆ ಶೇ. 93 ರಕ್ಷಣೆ ಕೊಟ್ಟರೂ, ಆಸ್ಪತ್ರೆಗೆ ಬಂದವರಲ್ಲಿ ಲಸಿಕೆ ಪಡೆದವರೇ ತುಸು ಹೆಚ್ಚು! ಎಲ್ಲರೂ ಲಸಿಕೆ ಪಡೆದಿದ್ದರೆ ಸೋಂಕಿತರೆಲ್ಲರೂ ಲಸಿಕೆ ಪಡೆದವರೇ ಆಗಿರುತ್ತಿದ್ದರು. ವಾರ್ತೆಯ ಶೀರ್ಷಿಕೆ ಅಂಶವನ್ನು ಮಾತ್ರ ಹೇಳುತ್ತದೆ. ಛೇದವನ್ನು ನಾವೇ ಕೇಳಿ ಪಡೆಯಬೇಕು.

ಸಾವಿನ ಅಂಕಿಗಳನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. 37, 16, 7 ಇವು ಸಣ್ಣ ಸಂಖ್ಯೆಗಳು. ವರ್ಗಮೂಲದ ನಿಯಮದಂತೆ 37ಕ್ಕೆ 6, 16ಕ್ಕೆ 4, 7ಕ್ಕೆ 2.6ರಷ್ಟು ಅನಿಶ್ಚಿತತೆ. ಏಳರಲ್ಲಿ ಎರಡೂವರೆ ಎಂದರೆ ಶೇ. 38. ಇಂಥ ಸಂಖ್ಯೆಯಿಂದ ದಶಮಾಂಶ ಸ್ಥಾನದವರೆಗೆ ದರ ಹೇಳಿದರೆ, ಅಡಿಪಟ್ಟಿಯಿಂದ ಕೂದಲಿನ ದಪ್ಪ ಅಳೆದಂತೆ. ಏಳರ ಹಿಂದೆಯೂ ಏಳು ಮನೆಗಳಿವೆ ಎಂಬುದನ್ನು ಮರೆಯಬಾರದು. ಅದೇ ಕಾರಣಕ್ಕೆ ಆ ಸಂಖ್ಯೆಯನ್ನು ಹಗುರಾಗಿ ಬಳಸಬಾರದು.

ಸೈನಿಕನೇ ಬೇರೆ, ಅಜ್ಜಿಯೇ ಬೇರೆ

ಇಷ್ಟಾದರೂ ವಿದ್ಯಾರ್ಥಿಯ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ವಿನ್-ವಿನ್ ಗುಂಪಿನ ಸರಾಸರಿ ವಯಸ್ಸು 27.6 ವರ್ಷ. ಶೇ. 99 ಮಂದಿ ಪುರುಷರು. ಸೇರುವಾಗಲೇ ದೈಹಿಕ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ದೀರ್ಘಕಾಲದ ಕಾಯಿಲೆಯಿಂದ ಸೇವೆಗೆ ಅನರ್ಹನಾದವನು ನಿವೃತ್ತನಾಗಿ ಪಟ್ಟಿಯಿಂದಲೇ ಹೊರಗೆ ಹೋಗುತ್ತಾನೆ. ಹೀಗಾಗಿ ಪಟ್ಟಿಯಲ್ಲಿ ಉಳಿಯುವವರು ಯಾವಾಗಲೂ ಸಮಾಜದ ಸರಾಸರಿಗಿಂತ ಆರೋಗ್ಯವಂತರು. ನೈಟಿಂಗೇಲ್ ಕಾಲದ ಅಂಕಿಗಳಿಗೂ ಈ ಮಾತು ಅನ್ವಯಿಸುತ್ತದೆ.

ವಯಸ್ಸಿನ ಪ್ರಭಾವ ಎಷ್ಟೆಂದು ತಿಳಿಯಲು ಎರಡು ಹಡಗುಗಳನ್ನು ನೋಡಿ. 2020ರಲ್ಲಿ ಅಮೆರಿಕದ ಯುದ್ಧನೌಕೆ 'ಥಿಯೋಡೋರ್ ರೂಸ್‌ವೆಲ್ಟ್'ನಲ್ಲಿ 4,779 ಸಿಬ್ಬಂದಿಯ ಪೈಕಿ 1,271 ಮಂದಿಗೆ ಸೋಂಕು ತಗುಲಿತು. ಅವರ ಸರಾಸರಿ ವಯಸ್ಸೂ ಇಪ್ಪತ್ತೇಳರ ಹತ್ತಿರ. ಸತ್ತವರು ಒಬ್ಬರು. ಅದೇ ವರ್ಷ 'ಡೈಮಂಡ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗಿನಲ್ಲಿ 3,711 ಮಂದಿಯ ಪೈಕಿ 712 ಮಂದಿಗೆ ಸೋಂಕು ಬಂತು. ಹಡಗಿನಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು. ಸತ್ತವರು ಹದಿಮೂರು-ಹದಿನಾಲ್ಕು ಮಂದಿ. ಒಂದು ಕಡೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಇನ್ನೊಂದು ಕಡೆ ಸಾವಿರಕ್ಕೆ ಹದಿನೆಂಟರ ಮೇಲೆ. ವೈರಸ್ ಅದೇ. ಯುದ್ಧನೌಕೆಯ ಅಂಕಿಯನ್ನು ಹಿಡಿದು 'ಕೊರೊನಾ ಬರೀ ನೆಗಡಿ' ಎಂದವರು ಲೆಕ್ಕದಲ್ಲಿ ಅಲ್ಲ, ಅದನ್ನು ಅನ್ವಯಿಸಿದ ಜಾಗದಲ್ಲಿ ತಪ್ಪಿದರು.

ಆದರೆ ಸೇನೆಯ ಅಂಕಿ ಯಾವಾಗಲೂ ಅಪಾಯವನ್ನು ಕಡಿಮೆ ತೋರಿಸುತ್ತದೆ ಎಂದೂ ತಿಳಿಯಬಾರದು. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ ಇಪ್ಪತ್ತರಿಂದ ನಲವತ್ತು ವರ್ಷದವರೇ ಅಸಾಧಾರಣ ಸಂಖ್ಯೆಯಲ್ಲಿ ಸತ್ತರು. ಅಮೆರಿಕದ ಸೈನ್ಯವೊಂದೇ ಸುಮಾರು 45,000 ಮಂದಿಯನ್ನು ಫ್ಲೂ ಮತ್ತು ನ್ಯುಮೋನಿಯಾಕ್ಕೆ ಕಳೆದುಕೊಂಡಿತು. ಆಗ ಸೈನ್ಯದ ಮರಣದರವನ್ನು ಎಲ್ಲ ವಯಸ್ಸಿನವರಿಗೆ ಹಚ್ಚಿದ್ದರೆ ಅಪಾಯ ಹೆಚ್ಚಾಗಿ ಕಾಣುತ್ತಿತ್ತು. 2020ರಲ್ಲಿ ಹಚ್ಚಿದ್ದರೆ ಕಡಿಮೆಯಾಗಿ ಕಾಣುತ್ತಿತ್ತು. ದೋಷದ ದಿಕ್ಕನ್ನು ನಿರ್ಧರಿಸುವುದು ರೋಗದ ಸ್ವಭಾವ.

ಹಾಗಾದರೆ ಕೆಂಗೇರಿಯ ಅಜ್ಜಿಗೆ ಏನು ಹೇಳಬೇಕಿತ್ತು? ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಡಬೇಕು. ಮೊದಲನೆಯದು ಅಪಾಯದ ಗಾತ್ರ. ಅದನ್ನು ಸೈನಿಕರಿಂದ ತೆಗೆದುಕೊಳ್ಳುವಂತಿಲ್ಲ, ಅಜ್ಜಿಯ ಅಪಾಯ ಹತ್ತಾರು ಪಟ್ಟು ಹೆಚ್ಚು. ಎರಡನೆಯದು ಆ ಅಪಾಯದಲ್ಲಿ ಲಸಿಕೆ ಎಷ್ಟು ಪಾಲನ್ನು ಕಳೆಯುತ್ತದೆ ಎಂಬುದು. ಇದಕ್ಕೆ ಎಲ್ಲ ವಯಸ್ಸಿನ ವಯಸ್ಕರಿದ್ದ ಬೇರೆ ಅಧ್ಯಯನಗಳು ಬೇಕು. ಅದೇ ಲಸಿಕೆ ಬ್ರಿಟನ್ನಿನಲ್ಲಿ ಆಸ್ಟ್ರಾಜೆನೆಕಾ ಎಂಬ ಹೆಸರಿನಲ್ಲಿ ಬಳಕೆಯಲ್ಲಿತ್ತು. ಅಲ್ಲಿನ 2021ರ ಅಧ್ಯಯನದಲ್ಲಿ ಡೆಲ್ಟಾ ತಳಿಯಿಂದ ರೋಗಲಕ್ಷಣ ಬರುವುದರ ವಿರುದ್ಧ ಒಂದು ಡೋಸ್‌ನ ರಕ್ಷಣೆ ಶೇ. 30, ಎರಡು ಡೋಸ್‌ನದು ಶೇ. 67 ಎಂದು ಕಂಡುಬಂತು. ಆಸ್ಪತ್ರೆ ಸೇರುವುದರ ವಿರುದ್ಧ ಎರಡು ಡೋಸ್‌ನ ರಕ್ಷಣೆ ಶೇ. 92. ಒಂದೇ ಡೋಸ್ ಮೇಲು ಎಂಬ ಕಚ್ಚಾ ಲೆಕ್ಕದ ಭ್ರಮೆ ಇಲ್ಲಿಗೆ ಮುಗಿಯುತ್ತದೆ. ಅಪಾಯ ದೊಡ್ಡದಾದಷ್ಟೂ ಕಳೆಯುವ ಪಾಲಿನ ಬೆಲೆ ಹೆಚ್ಚು. ಎರಡನೇ ಡೋಸ್‌ನ ಅಗತ್ಯ ಇಪ್ಪತ್ತೇಳರ ಸೈನಿಕನಿಗಿಂತ ಅಜ್ಜಿಗೇ ಹೆಚ್ಚು. ವಿದ್ಯಾರ್ಥಿ ಇದನ್ನು ಮನೆಯಲ್ಲಿ ಕಾಗದದ ಮೇಲೆ ಬರೆದು ತೋರಿಸಿದ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಜ್ಜಿ ಲಸಿಕೆ ಹಾಕಿಸಿಕೊಂಡರು.

ಈ ಅಂಕಿಗಳಿಗೂ ಕಾಲದ ಮಿತಿಯಿದೆ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ನಮ್ಮ ಬೆಂಗಳೂರಿನಲ್ಲೇ ವರದಿಯಾದವು. ಆ ತಳಿ ಲಸಿಕೆ ಪಡೆದವರಿಗೂ ಸುಲಭವಾಗಿ ತಗುಲಿತು. ಶೇ. 93 ಎಂಬುದು ಒಂದು ಲಸಿಕೆಯ ಶಾಶ್ವತ ಗುಣವಲ್ಲ. ಒಂದು ತಳಿ, ಒಂದು ಗುಂಪು, 135 ದಿನಗಳು, ಇವು ಮೂರೂ ಸೇರಿ ಕೊಟ್ಟ ಅಳತೆ.

ತರಗತಿಗೆ

ಶಿಕ್ಷಕರು ಕಲ್ಪಿತ ದಂಡಿನ ಉದಾಹರಣೆಯನ್ನು ಪ್ರೌಢಶಾಲೆಯಲ್ಲೂ ಮಾಡಿಸಬಹುದು, ಶೇಕಡಾವಾರು ಗೊತ್ತಿದ್ದರೆ ಸಾಕು. ಅಲೆಯ ಅವಧಿಯ ಶೇ. 20ನ್ನು ಶೇ. 40 ಮಾಡಿದರೆ ಕೂಡಿದ ಉತ್ತರ ಏನಾಗುತ್ತದೆ? ಮಕ್ಕಳೇ ಲೆಕ್ಕ ಹಾಕಲಿ. ರಕ್ಷಣೆ ಇನ್ನೂ ಕುಸಿದು, ಶೇ. 26ರ ಹತ್ತಿರ ಬರುತ್ತದೆ. ಲಸಿಕೆ ಮಾತ್ರ ಬದಲಾಗಿಲ್ಲ. ಬಳಿಕ ಯಾವುದೇ ಆರೋಗ್ಯದ ಅಂಕಿ ಎದುರಾದಾಗ ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ: ಎಷ್ಟು ಜನರ ಪೈಕಿ? ಯಾವ ದಿನಗಳಲ್ಲಿ? ಆ ಜನ ಯಾರು? ಎಣಿಕೆ ಎಷ್ಟು ಸಣ್ಣದು?

ಆ ವಿದ್ಯಾರ್ಥಿ ಅಂಕಿಯನ್ನು ನೋಡಿ ಸುಮ್ಮನೆ ನಂಬಲೂ ಇಲ್ಲ, ಸುಮ್ಮನೆ ತಳ್ಳಿಹಾಕಲೂ ಇಲ್ಲ. ತಾನೇ ಭಾಗಿಸಿ ನೋಡಿದ, ಉತ್ತರ ಹೊಂದದಿದ್ದಾಗ ಕೇಳಿದ. ವಿಜ್ಞಾನದ ಪಾಠ ಮಾಡುವ ನಮಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.